ಮಾರಿಯೋ ಗಾಲ್ಫ್ ಸೂಪರ್ ರಷ್: ಮೂರು ವರ್ಷ ಆಡಿದವನ ಮಾತು

ಮಾರಿಯೋ ಗಾಲ್ಫ್ ಸೂಪರ್ ರಷ್ ಅಂದರೆ ನಿಂಟೆಂಡೋ ಸ್ವಿಚ್ ಯಂತ್ರದಲ್ಲಿ ಆಡುವ ಗಾಲ್ಫ್ ವಿಡಿಯೋ ಗೇಮ್. ಇದು 2021ರ ಜೂನ್ 25ರಂದು ಬಂತು. ನಾನು ಕೊಂಡದ್ದು 2022ರ ಫೆಬ್ರವರಿಯಲ್ಲಿ. ನಡುವೆ ಎಂಟು ತಿಂಗಳು ಬಿಟ್ಟದ್ದಕ್ಕೆ ಕಾರಣ ಆಗ ಬಂದ ವಿಮರ್ಶೆಗಳು. ಹೆಚ್ಚಿನವರು ನೂರಕ್ಕೆ ಎಪ್ಪತ್ತರ ಆಸುಪಾಸು ಅಂಕ ಕೊಟ್ಟಿದ್ದರು. ಚೆಂಡು ಹೊಡೆಯುವ ಮಜಾ ಇದೆ, ಆದರೆ ಒಳಗೆ ಹೂರಣ ಕಡಿಮೆ ಅಂತ ಸುಮಾರು ಎಲ್ಲರ ಮಾತು. ಹೂರಣ ಕಡಿಮೆ ಇರುವ ಹೋಳಿಗೆಗೆ ಪೂರ್ತಿ ದುಡ್ಡು ಯಾಕೆ ಕೊಡಬೇಕು ಅಂತ ಬಿಟ್ಟಿದ್ದೆ. ಈಗ ಮೂರು ವರ್ಷಕ್ಕೂ ಜಾಸ್ತಿ ಆಡಿದ್ದೇನೆ. ಅವರು ಹೇಳಿದ್ದರಲ್ಲಿ ಯಾವುದು ನಿಜ ಆಯಿತು, ಯಾವುದು ಆಗಲಿಲ್ಲ ಅಂತ ಬರೆಯಬೇಕು ಅನ್ನಿಸಿತು.

ಮೊದಲು ನಾನು ಹೇಗೆ ಆಡುತ್ತೇನೆ ಅಂತ ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನ ಅಭಿಪ್ರಾಯಕ್ಕೆ ಅದೇ ಬುನಾದಿ. ನನ್ನ ಹತ್ತಿರ ಇರುವುದು ಸ್ವಿಚ್ ಲೈಟ್, ಅಂದರೆ ಸ್ವಿಚ್ ಯಂತ್ರದ ಚಿಕ್ಕ ರೂಪ. ಅದನ್ನು ಟಿವಿಗೆ ಹಾಕಲು ಬರುವುದಿಲ್ಲ, ಕೈಯಲ್ಲೇ ಹಿಡಿದು ಆಡಬೇಕು, 5.5 ಇಂಚಿನ ಪರದೆ. ಕೆಲಸ ಬಾಗಲಕೋಟೆಯಲ್ಲಿ, ಮನೆ ವಿಜಯಪುರದಲ್ಲಿ. ಶನಿವಾರ ರೈಲು ಹತ್ತಿದರೆ ಎರಡು ತಾಸಿನ ಆಸುಪಾಸು ಪ್ರಯಾಣ. ಆಲಮಟ್ಟಿ ಹತ್ತಿರ ಕೃಷ್ಣಾ ನದಿ ದಾಟುವಾಗ ಮಾತ್ರ ಗೇಮ್ ನಿಲ್ಲಿಸಿ ಕಿಟಕಿ ಹೊರಗೆ ನೋಡುತ್ತೇನೆ, ಉಳಿದದ್ದೆಲ್ಲ ಗಾಲ್ಫ್. ನಿಜವಾದ ಗಾಲ್ಫ್ ನಾನು ಆಡಿಲ್ಲ. ನಮ್ಮ ಕಡೆ ಎರಿ ಮಣ್ಣಿನ ಹೊಲ, ಜೋಳದ ಕೂಳೆ. ಅಷ್ಟು ಹಸಿರು ಹುಲ್ಲನ್ನು ನಾನು ಚಿಕ್ಕಂದಿನಲ್ಲಿ ಕಂಡದ್ದು ಗೋಳಗುಮ್ಮಟದ ತೋಟದಲ್ಲಿ ಮಾತ್ರ.

ಈ ಗೇಮಿನ ಜೀವ ಇರುವುದು ಹೊಡೆತದಲ್ಲಿ. ಹಳೆಯ ಗಾಲ್ಫ್ ಗೇಮ್‌ಗಳಲ್ಲಿ ಬಟನ್ ಮೂರು ಸಲ ಒತ್ತಬೇಕಿತ್ತು: ಶುರು ಮಾಡಲು ಒಂದು, ಬಲ ಎಷ್ಟು ಅಂತ ಹೇಳಲು ಒಂದು, ಚೆಂಡಿಗೆ ಸರಿಯಾಗಿ ತಾಕಿಸಲು ಒಂದು. ಇಲ್ಲಿ ಎರಡೇ. ಎರಡನೇ ಸಲ ಒತ್ತಿದ ಮೇಲೆ ಹೆಬ್ಬೆರಳಿನ ಕಂಟ್ರೋಲ್ ಕಡ್ಡಿಯನ್ನು ಆ ಕಡೆ ಈ ಕಡೆ ಬಾಗಿಸಿದರೆ ಚೆಂಡು ಗಾಳಿಯಲ್ಲಿ ತಿರುಗುತ್ತದೆ. ಕೇಳಿದರೆ ತುಂಬಾ ಸುಲಭ ಅನ್ನಿಸುತ್ತದೆ, ಕೆಲವು ವಿಮರ್ಶಕರಿಗೂ ಹಾಗೇ ಅನ್ನಿಸಿತ್ತು. ಆದರೆ ಪರದೆ ಮೇಲೆ ಬಲ ತೋರಿಸುವ ಪಟ್ಟಿಯ ಮೇಲ್ಭಾಗದಲ್ಲಿ ಒಂದು ಅಪಾಯದ ಜಾಗ ಇರುತ್ತದೆ, ಅಲ್ಲಿಯವರೆಗೆ ಬಲ ಹಾಕಿದರೆ ಚೆಂಡು ನಾವು ಹೇಳಿದ ಕಡೆ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ಚೆಂಡು ಉದ್ದ ಹುಲ್ಲಿನಲ್ಲೋ ಮರಳಿನಲ್ಲೋ ಬಿದ್ದಿದ್ದರೆ ಆ ಜಾಗ ದೊಡ್ಡದಾಗುತ್ತದೆ. ಇಳಿಜಾರಿನಲ್ಲಿ ನಿಂತು ಹೊಡೆಯುವಾಗ ಪಟ್ಟಿಯೇ ಡೊಂಕಾಗುತ್ತದೆ. ಹಾಗಾಗಿ ಪ್ರತಿ ಹೊಡೆತಕ್ಕೂ ಒಂದು ಲೆಕ್ಕ ಹಾಕಲೇಬೇಕು. ಪೂರ್ತಿ ಬಲ ಹಾಕಿ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮುಟ್ಟಲು ನೋಡಲೋ, ಅಥವಾ ಸ್ವಲ್ಪ ಕಮ್ಮಿ ಹೊಡೆದು ಮುಂದಿನ ಹೊಡೆತಕ್ಕೆ ಒಳ್ಳೆ ಜಾಗ ಮಾಡಿಕೊಳ್ಳಲೋ?

ಗೋಲಿ ಆಡಿದವರಿಗೆ ಈ ಲೆಕ್ಕ ಗೊತ್ತು. ಕುಳಿಯ ಹತ್ತಿರ ಬಂದಾಗ ಬೆರಳಿನ ಬಲ ಒಂದು ಚೂರು ಜಾಸ್ತಿ ಆದರೆ ಗೋಲಿ ದಾಟಿ ಹೋಗುತ್ತದೆ, ಅಲ್ವಾ? ಇಲ್ಲಿ ಪಟ್ ಮಾಡುವಾಗ, ಅಂದರೆ ಗ್ರೀನ್ ಮೇಲೆ ಚೆಂಡನ್ನು ಕುಳಿಯ ಕಡೆ ಉರುಳಿಸುವಾಗ, ಅದೇ ಹೆದರಿಕೆ. ಗ್ರೀನ್ ಯಾವ ಕಡೆ ಇಳಿದಿದೆ, ಎಷ್ಟು ಇಳಿದಿದೆ ಅಂತ ನೋಡಿ ಗುರಿಯನ್ನು ಕುಳಿಯ ಪಕ್ಕಕ್ಕೆ ಇಡಬೇಕು. ಚೆಂಡು ಇಳಿಜಾರಿಗೆ ತಾನೇ ಬಾಗಿ ಬಂದು ಟಕ್ ಅಂತ ಬೀಳುತ್ತದೆ. ಆ ಸದ್ದು ನನಗೆ ಇವತ್ತಿಗೂ ಬೇಸರ ಬಂದಿಲ್ಲ. ಗಾಳಿಯೂ ಹಾಗೇ. ಅದರ ದಿಕ್ಕು, ಬಲ ಎರಡನ್ನೂ ಪರದೆ ಮೇಲೆ ತೋರಿಸುತ್ತಾರೆ, ಆದರೆ ಅದಕ್ಕೆ ಎಷ್ಟು ಜಾಗ ಬಿಡಬೇಕು ಅನ್ನುವುದು ಆಡಿ ಆಡಿಯೇ ಕೈಗೆ ಬರಬೇಕು. ಆಷಾಢದಲ್ಲಿ ನಮ್ಮೂರಲ್ಲಿ ಸೈಕಲ್ ತುಳಿದವರಿಗೆ ಎದುರುಗಾಳಿಯ ಪಾಠ ಬೇರೆ ಬೇಕಿಲ್ಲ.

ಇನ್ನು ವಿಮರ್ಶಕರು ಬೈದದ್ದಕ್ಕೆ ಬರುತ್ತೇನೆ. ಅವರ ದೊಡ್ಡ ತಕರಾರು ಗಾಲ್ಫ್ ಅಡ್ವೆಂಚರ್ ಬಗ್ಗೆ. ಅದು ಕಥೆಯ ಭಾಗ. ನಮ್ಮದೇ ಮೀ ಪಾತ್ರ (ನಾವೇ ಮಾಡಿಕೊಂಡ ಗೊಂಬೆ) ಹೊಸ ಆಟಗಾರನಾಗಿ ಬಂದು, ಗೆದ್ದಂತೆ ಬಲ, ವೇಗ, ಹಿಡಿತ ಅಂತ ಒಂದೊಂದನ್ನೇ ಹೆಚ್ಚಿಸಿಕೊಂಡು, ಅಂಗಡಿಯಲ್ಲಿ ಹೊಸ ಕ್ಲಬ್ (ಚೆಂಡು ಹೊಡೆಯುವ ಕೋಲು), ಹೊಸ ಬಟ್ಟೆ ಕೊಂಡು ಮುಂದೆ ಹೋಗುತ್ತದೆ. ಇದನ್ನು ಮಾಡಿದ ಕ್ಯಾಮೆಲಾಟ್ ಕಂಪನಿ ಇಂಥದ್ದರಲ್ಲಿ ಪಳಗಿದ್ದೇ. 1999ರಲ್ಲಿ ಗೇಮ್ ಬಾಯ್ ಕಲರ್‌ಗೆ, 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಅವರು ಮಾಡಿದ ಮಾರಿಯೋ ಗಾಲ್ಫ್‌ಗಳಲ್ಲಿ ಹೀಗೆ ಒಬ್ಬ ಹುಡುಗನನ್ನು ಬೆಳೆಸುವ ಕಥೆ ಇತ್ತು, ಜನ ಇಂದಿಗೂ ಅವನ್ನು ನೆನೆಯುತ್ತಾರೆ. ಹಾಗಾಗಿ 2014ರ ಮಾರಿಯೋ ಗಾಲ್ಫ್ ವರ್ಲ್ಡ್ ಟೂರ್ ಆಗಿ ಏಳು ವರ್ಷದ ಮೇಲೆ ಹೊಸದು ಬಂದಾಗ ಎಲ್ಲರ ಆಸೆ ದೊಡ್ಡದಿತ್ತು. ಆದರೆ ಕಥೆ ಬೇಗ ಮುಗಿಯುತ್ತದೆ. ನನಗೆ ಎರಡು ಭಾನುವಾರ ಸಾಕಾಯಿತು. ಗಾಲ್ಫ್ ಕಲಿಸುತ್ತಾ ಹೊರಟದ್ದು ಕೊನೆಗೆ ರಾಕ್ಷಸರ ಜೊತೆ ಜಗಳಕ್ಕೆ ತಿರುಗುತ್ತದೆ, ಅಲ್ಲಿ ಗಾಲ್ಫ್ ಎಲ್ಲಿ ಹೋಯಿತು ಅಂತ ಕೇಳುವ ಹಾಗಾಗುತ್ತದೆ. ಒಂದು ಮಾತು ಮಾತ್ರ ಹೇಳಲೇಬೇಕು: ಅದರಲ್ಲಿ ಬರುವ ಎಕ್ಸ್‌ಸಿ (ಕ್ರಾಸ್ ಕಂಟ್ರಿ) ಗಾಲ್ಫ್ ತುಂಬಾ ಚೆನ್ನಾಗಿದೆ. ಬೆಟ್ಟ, ಕೊರಕಲುಗಳ ದೊಡ್ಡ ಬಯಲಿನಲ್ಲಿ ಕುಳಿಗಳು ಚದುರಿರುತ್ತವೆ, ಯಾವುದಕ್ಕೆ ಮೊದಲು ಹೋಗಬೇಕು ಅಂತ ನಾವೇ ದಾರಿ ಹುಡುಕಬೇಕು, ಹೊಡೆತಗಳು ಎಣಿಸಿದಷ್ಟೇ. ಉಳಿದಂತೆ ಅಡ್ವೆಂಚರ್ ಬಗ್ಗೆ ವಿಮರ್ಶಕರು ಹೇಳಿದ್ದು ಅಕ್ಷರಶಃ ಸರಿ.

ಸ್ಪೀಡ್ ಗಾಲ್ಫ್ ಅನ್ನುವ ಇನ್ನೊಂದು ಬಗೆಯ ಆಟ ಬೇಗ ಬೇಸರ ತರುತ್ತದೆ ಅಂದ ವಿಮರ್ಶಕರ ಕಡೆಗೇ ನನ್ನ ಮತ. ಎಲ್ಲರೂ ಒಟ್ಟಿಗೆ ಹೊಡೆದು ಚೆಂಡಿನ ಹಿಂದೆ ಓಡಬೇಕು. ಪ್ರತಿ ಹೊಡೆತಕ್ಕೆ ನಮ್ಮ ಸಮಯಕ್ಕೆ 30 ಸೆಕೆಂಡ್ ಸೇರುತ್ತದೆ. ಹೊಸದರಲ್ಲಿ ನಗು ಬರುತ್ತದೆ. ಮಾರಿಯೋನ ಎದುರಾಳಿ ಬೌಸರ್ ಬಂದು ಗುದ್ದುತ್ತಾನೆ, ತಮ್ಮ ಲುಯಿಜಿ ಜಾರುತ್ತಾನೆ. ಆದರೆ ಯೋಚಿಸಿ ಹೊಡೆಯುವುದೇ ಈ ಗೇಮಿನ ಸೊಗಸು ಅಂದ ಮೇಲೆ, ಯೋಚಿಸಲು ಬಿಡದ ಆಟ ಎಷ್ಟು ದಿನ ಹಿಡಿಸೀತು? ಆರು ತಿಂಗಳಾದ ಮೇಲೆ ನಾನು ಆ ಕಡೆ ಹೋಗಿಲ್ಲ. ಬ್ಯಾಟಲ್ ಗಾಲ್ಫ್ ಇನ್ನೂ ಚಿಕ್ಕದು, ಒಂಬತ್ತು ಕುಳಿಗಳಲ್ಲಿ ಯಾರು ಮೊದಲು ಮೂರು ಬಾವುಟ ಗೆಲ್ಲುತ್ತಾರೋ ಅವರದು ಆಟ. ನೆಂಟರ ಹುಡುಗರು ಬಂದಾಗ ಸರಿ.

ನನ್ನ ಮುಖ್ಯ ತಕರಾರು ವಿಮರ್ಶೆಯ ಸಮಯದ ಬಗ್ಗೆ. ಜೂನ್‌ನಲ್ಲಿ ಅಂಕ ಕೊಟ್ಟವರು ನೋಡಿದ್ದು ಆರು ಕೋರ್ಸ್ (ಗಾಲ್ಫ್ ಮೈದಾನ) ಇದ್ದ ಗೇಮ್. ಆಮೇಲೆ ಅದೇ ವರ್ಷ ಆಗಸ್ಟ್, ಸೆಪ್ಟೆಂಬರ್, ನವೆಂಬರ್‌ನಲ್ಲಿ ಒಂದು ಪೈಸೆ ತೆಗೆದುಕೊಳ್ಳದೆ ಹೊಸ ಕೋರ್ಸ್‌ಗಳನ್ನೂ ಹೊಸ ಆಟಗಾರರನ್ನೂ ಸೇರಿಸಿದರು. ಎತ್ತರದ ಕಟ್ಟಡಗಳ ನಡುವೆ ಆಡುವ ನ್ಯೂ ಡಾಂಕ್ ಸಿಟಿ ಹೀಗೆ ಬಂದದ್ದು, ಶೆಲ್‌ಟಾಪ್ ಸ್ಯಾಂಕ್ಚುರಿಯೂ ಹೀಗೆ ಬಂದದ್ದು. ನಾನು ಫೆಬ್ರವರಿಯಲ್ಲಿ ಕಾರ್ಟ್ರಿಡ್ಜ್ ಹಾಕಿ ಅಪ್‌ಡೇಟ್ ಮಾಡಿದಾಗ ನನಗೆ ಸಿಕ್ಕಿದ್ದು ಆ ವಿಮರ್ಶೆಗಳ ಗೇಮ್ ಆಗಿರಲಿಲ್ಲ. ಅಂಕ ಮಾತ್ರ ಹಾಗೇ ಉಳಿಯಿತು. ನೂರರಲ್ಲಿ ಎಪ್ಪತ್ತು ಅಂತ ಈಗ ಓದುವವರು ಅದು ಮೊದಲ ವಾರದ ಲೆಕ್ಕ ಅಂತ ತಿಳಿದು ಓದಬೇಕು. ಅರ್ಧ ಬೆಂದದ್ದನ್ನು ಪೂರ್ತಿ ಬೆಲೆಗೆ ಮಾರಿದ್ದು ಸರಿ ಅಂತಲೂ ನಾನು ಹೇಳುವುದಿಲ್ಲ. ಜೂನ್ 30ರ ಹೊತ್ತಿಗೇ ಲೋಕದಲ್ಲಿ 13.4 ಲಕ್ಷ ಪ್ರತಿ ಮಾರಾಟವಾಗಿತ್ತು. ಅವರೆಲ್ಲ ಕೊಟ್ಟದ್ದು ಪೂರ್ತಿ ದುಡ್ಡೇ, ಸಿಕ್ಕದ್ದು ಆರು ಕೋರ್ಸ್. ಅವರ ಸಿಟ್ಟು ನ್ಯಾಯವಾದದ್ದು.

ಈಗ ಮನೆಯಲ್ಲಿ ಏನು ನಡೆಯುತ್ತದೆ ಅಂದರೆ, ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ನಾನು, ಅಣ್ಣನ ಮಗಳು ಇಬ್ಬರೂ ಒಂದೇ ಸ್ವಿಚ್ ಹಿಡಿದು ಕೂರುತ್ತೇವೆ. ಅವಳಿಗೆ ಈಗ ಹನ್ನೊಂದು. ಒಂದು ಹೋಲ್ (ಒಂದು ಕುಳಿಯವರೆಗಿನ ಆಟ) ನನ್ನದು, ಮುಂದಿನದು ಅವಳದು, ಅಂಕ ಇಬ್ಬರದೂ ಸೇರಿ. ಪಾರ್ (ಒಂದು ಹೋಲ್‌ಗೆ ನಿಗದಿ ಮಾಡಿದ ಹೊಡೆತಗಳು), ಬರ್ಡಿ (ಅದಕ್ಕಿಂತ ಒಂದು ಕಡಿಮೆ), ಬೋಗಿ (ಒಂದು ಜಾಸ್ತಿ) ಅಂದರೆ ಏನು ಅಂತ ಅವಳಿಗೆ ಒಂದು ವಾರದಲ್ಲಿ ಬಂತು. ನಾನು ಆತುರದಲ್ಲಿ ಬಟನ್ ಒತ್ತಲು ಹೋದರೆ ಕೈ ಹಿಡಿಯುತ್ತಾಳೆ: "ಕಾಕಾ, ತಡೀರಿ, ಗಾಳಿ ಎದುರಿಗೆ ಬರಾಕತ್ತೈತಿ, ದೊಡ್ಡ ಕ್ಲಬ್ ತಗೋರಿ." ಅವಳು ಹೇಳಿದ್ದು ಹೆಚ್ಚು ಸಲ ಸರಿಯಾಗಿರುತ್ತದೆ. ಹೀಗೆ ಆಡುವಾಗ ನಮಗೆ ಕಥೆಯೂ ಬೇಡ, ಓಟವೂ ಬೇಡ. ಸಾದಾ ಗಾಲ್ಫ್, ಹದಿನೆಂಟು ಹೋಲ್. ಮಳೆ, ಗುಡುಗಿನ ವೈಲ್ಡ್‌ವೆದರ್ ವುಡ್ಸ್ ಅವಳಿಗೆ ಇಷ್ಟ. ನನಗೆ ಮರಳುಗಾಡಿನ ಬಾಮಿ ಡ್ಯೂನ್ಸ್, ಅಲ್ಲಿ ಒಂದು ಹೊಡೆತ ತಪ್ಪಿದರೆ ಇಡೀ ಹೋಲ್ ಮರಳಲ್ಲೇ ಕಳೆಯಬೇಕು.

ಇಷ್ಟು ವರ್ಷದ ಮೇಲೂ ನನಗೆ ನೋವಾಗುವ ಒಂದು ಕೊರತೆ ಇದೆ. ಟೂರ್ನಮೆಂಟ್ ಇಲ್ಲ. ಕಥೆ ಮುಗಿದ ಮೇಲೆ ಒಬ್ಬರೇ ಆಡುವವರಿಗೆ ಗೆಲ್ಲಲು ಒಂದು ಕಪ್ ಇರಬೇಕಿತ್ತು. ಇಷ್ಟು ಒಳ್ಳೆಯ ಹೊಡೆತ ಮಾಡಿಟ್ಟು, ಅದನ್ನು ಮೆರೆಸಲು ವೇದಿಕೆ ಕೊಡದೆ ಬಿಟ್ಟಿದ್ದಾರೆ. ನಾನು ನೋಟ್‌ಬುಕ್ಕಿನಲ್ಲಿ ನನ್ನದೇ ಪಟ್ಟಿ ಇಟ್ಟಿದ್ದೇನೆ, ಪ್ರತಿ ಕೋರ್ಸಿಗೆ ಒಂದು ಪುಟ.

ಕೊಳ್ಳುವವರಿಗೆ ಒಂದೆರಡು ಮಾತು. ಸ್ವಿಚ್ ಲೈಟ್ ಇದ್ದವರಿಗೆ ಕೈ ಬೀಸಿ ಹೊಡೆಯುವ ಆಟ ಸಿಗುವುದಿಲ್ಲ, ಅದಕ್ಕೆ ಜಾಯ್‌ಕಾನ್ (ಕೈಯಲ್ಲಿ ಹಿಡಿಯುವ ಬಿಡಿ ಕಂಟ್ರೋಲರ್) ಬೇರೆ ಕೊಳ್ಳಬೇಕು. ನನಗೆ ಅದರ ಅಗತ್ಯ ಕಂಡಿಲ್ಲ. ಆನ್‌ಲೈನ್ ಆಡಲು ಚಂದಾ ಕಟ್ಟಬೇಕು, ಒಬ್ಬರೇ ಆಡಲು ನೆಟ್ ಕೂಡ ಬೇಡ. ಅಪ್‌ಡೇಟ್ ಮಾತ್ರ ಮನೆಯ ವೈಫೈಯಲ್ಲಿ ಒಮ್ಮೆ ಮಾಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಂಡರೆ ಡಬ್ಬಿ ತೆಗೆದು, ಅಲ್ಲೇ ಹಾಕಿ ನೋಡಿ ದುಡ್ಡು ಕೊಡಿ. ನಾನು ಬೆಳಗಾವಿಯ ಒಂದು ಅಂಗಡಿಯಿಂದ ತಂದ ಡಬ್ಬಿಯೊಳಗೆ ಬೇರೆ ಯಾವುದೋ ಗೇಮಿನ ಕಾರ್ಟ್ರಿಡ್ಜ್ ಇತ್ತು, ಅದನ್ನು ಬದಲಿಸಿಕೊಳ್ಳಲು ಒಂದು ರಜೆ ಹೋಯಿತು.

ನಾನು ಕೊಡುವ ಅಂಕ ನೂರಕ್ಕೆ 84. ಕಳೆದ ಹದಿನಾರರಲ್ಲಿ ಹತ್ತು ಆ ಟೂರ್ನಮೆಂಟಿಗೆ, ಉಳಿದ ಆರು ಕಥೆಯ ಕೊನೆಗೆ. ಬೌಸರ್ ಹೈಲ್ಯಾಂಡ್ಸ್‌ನ ಪುಟದಲ್ಲಿ ನಮ್ಮಿಬ್ಬರದು ಪಾರ್‌ಗಿಂತ ಒಂಬತ್ತು ಕಡಿಮೆ ಅಂತ ಇದೆ. ಈ ಭಾನುವಾರ ಹತ್ತು ಮಾಡಬೇಕು ಅಂತ ಅವಳು ಫೋನ್ ಮಾಡಿ ಹೇಳಿದ್ದಾಳೆ.