ತೆಗಬಿನೊ, ಬೆಯಾಯ್ನೆತು, ದೊರೊ ವೊಟ್: ಮೊದಲ ಊಟಕ್ಕೆ ಯಾವುದು?

ಇಥಿಯೋಪಿಯಾದ ಊಟವನ್ನು ಮೊದಲ ಸಲ ಮಾಡುವವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: ಬೆಯಾಯ್ನೆತು ತರಿಸಿಕೊಳ್ಳಿ, ಒಂದೇ ತಟ್ಟೆಯಲ್ಲಿ ಎಲ್ಲದರ ರುಚಿ ಸಿಗುತ್ತದೆ. ಅಡಿಸ್ ಅಬಾಬಾದಲ್ಲಿ ಮೇಷ್ಟ್ರಾಗಿರುವ ನನ್ನ ಭಾವನೂ ಅದನ್ನೇ ಹೇಳಿದರು. ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದಾಗ ಬೆಯಾಯ್ನೆತು, ಕಾಳಿನ ಹಿಟ್ಟಿನ ಗಟ್ಟಿ ಗೊಜ್ಜಾದ ತೆಗಬಿನೊ ಶಿರೋ, ಕೋಳಿಸಾರಾದ ದೊರೊ ವೊಟ್ ಮೂರನ್ನೂ ಬೇರೆ ಬೇರೆ ಕಡೆ ತಿಂದು ನೋಡಿದೆ. ಈಗ ನನ್ನನ್ನು ಕೇಳಿದರೆ ಮೊದಲ ಊಟಕ್ಕೆ ತೆಗಬಿನೊ ಶಿರೋ ಎನ್ನುತ್ತೇನೆ. ಭಾವ ಇನ್ನೂ ಒಪ್ಪಿಲ್ಲ.

ಮೂರರ ಜೊತೆಗೂ ಬರುವುದು ಇಂಜೆರಾ ಎಂಬ ದೋಸೆಯಂಥ ಹುಳಿರೊಟ್ಟಿ. ಅದು ಹಿಡಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ, ಆದ್ದರಿಂದ ಮೊದಲು ಅದರ ಸಂಗತಿ. ಟೆಫ್ ಎಂಬ ಗಸಗಸೆಯಷ್ಟು ಸಣ್ಣ ಕಾಳಿನ ಹಿಟ್ಟನ್ನು ಕಲಸಿ, ಹಿಂದಿನ ಹಿಟ್ಟಿನ ಮೇಲೆ ತೇಲಿದ ಹುಳಿನೀರನ್ನು ಬೆರೆಸಿ, ಕೆಲವು ದಿನ ಹುದುಗಲು ಬಿಡುತ್ತಾರೆ. ಆಮೇಲೆ ಮಿತಾದ್ ಎಂಬ ಅಗಲವಾದ ಹಂಚಿನ ಮೇಲೆ ಹುಯ್ದು, ಮುಚ್ಚಳ ಮುಚ್ಚಿ, ಒಂದೇ ಬದಿ ಬೇಯಿಸುತ್ತಾರೆ, ಮಗುಚುವುದಿಲ್ಲ. ಮೇಲ್ಬದಿಯ ತುಂಬ ಸಣ್ಣ ಸಣ್ಣ ಕಣ್ಣುಗಳು ಏಳುತ್ತವೆ, ಗೊಜ್ಜನ್ನು ಹೀರುವುದು ಅವೇ. ಬರಿದೇ ಬಾಯಿಗಿಟ್ಟರೆ ಹುಳಿ ಜೋರಾಗಿ ಹತ್ತುತ್ತದೆ, ಮೊದಲ ಸಲ ಮುಖ ಕಿವಿಚುವವರೇ ಹೆಚ್ಚು. ಖಾರದ ಜೊತೆ ಸೇರಿದಾಗ ಮಾತ್ರ ಆ ಹುಳಿ ತನ್ನ ಕೆಲಸ ಮಾಡುತ್ತದೆ. ಬಿಳಿ ಟೆಫ್‌ನ ಇಂಜೆರಾಕ್ಕೆ ಬೆಲೆ ಜಾಸ್ತಿ, ನೋಡಲೂ ಚೆಂದ. ನನಗೆ ರುಚಿಸಿದ್ದು ಕೆಂಪು ಟೆಫ್‌ನದು.

ಇಂಜೆರಾವನ್ನು ಗೊಜ್ಜಿನಲ್ಲಿ ಅದ್ದುವುದಲ್ಲ. ಬಲಗೈಯಲ್ಲೇ ಒಂದು ತುಂಡು ಹರಿದು, ಪಲ್ಯದ ಮೇಲೆ ಹೊದಿಸಿ, ಚಿವುಟಿದಂತೆ ಎತ್ತಿಕೊಳ್ಳಬೇಕು. ಪಳಗಿದವರ ಬೆರಳ ತುದಿ ಊಟ ಮುಗಿಯುವವರೆಗೂ ಒಣಗಿಯೇ ಇರುತ್ತದೆ. ಬೆರಳು ನೆಕ್ಕುವುದು ಅಲ್ಲಿ ಮರ್ಯಾದೆಯಲ್ಲ. ಹುಳಿಯನ್ನಕ್ಕೆ ಐದು ಬೆರಳನ್ನೂ ಅದ್ದಿ ಬೆಳೆದವರಿಗೆ ಇದೇ ದೊಡ್ಡ ಶಿಸ್ತು.

ಇನ್ನು ಬೆಯಾಯ್ನೆತು. ಇದು ಮೂಲತಃ ಉಪವಾಸದವರ ಊಟ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮುಂಚಿನ 55 ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಹಾಗಾಗಿ ಆ ದಿನಗಳಲ್ಲಿ ಬಹುತೇಕ ಎಲ್ಲ ಹೋಟೆಲಿನಲ್ಲೂ ಇದು ಸಿಗುತ್ತದೆ. ಹಾಸಿದ ಇಂಜೆರಾದ ಮೇಲೆ ಗುಪ್ಪೆ ಗುಪ್ಪೆಯಾಗಿ ಕೆಂಪು ಬೇಳೆಯ ಖಾರದ ಮಿಸಿರ್ ವೊಟ್, ಅರಿಸಿನ ಹಾಕಿದ ಸಪ್ಪೆ ಬೇಳೆ ಕಿಕ್ ಅಲಿಚಾ, ಗೊಮೆನ್ ಎಂಬ ಸೊಪ್ಪು, ಎಲೆಕೋಸು-ಕ್ಯಾರೆಟ್-ಆಲೂಗಡ್ಡೆ ಪಲ್ಯ, ಬೀಟ್‌ರೂಟ್, ನಡುವೆ ಒಂದಿಷ್ಟು ಶಿರೋ. ಉಪವಾಸದ ಅಡುಗೆಗೆ ನೂಗ್ ಎಣ್ಣೆ ಬಳಸುವ ಹಳೆಯ ರೂಢಿಯಿದೆ. ನೂಗ್ ಎಂದರೆ ನಮ್ಮ ಹುಚ್ಚೆಳ್ಳು, ಉತ್ತರ ಕರ್ನಾಟಕದವರ ಗುರೆಳ್ಳು. ಅದರ ತವರು ಇಥಿಯೋಪಿಯಾದ ಎತ್ತರದ ನಾಡು.

ನೋಡಲು ತಟ್ಟೆ ಹಬ್ಬದಂತಿರುತ್ತದೆ, ಒಪ್ಪುತ್ತೇನೆ. ತೊಂದರೆ ಶುರುವಾಗುವುದು ಆಮೇಲೆ. ತಟ್ಟೆ ಅಗಲ, ಪದಾರ್ಥ ಸ್ವಲ್ಪ ಸ್ವಲ್ಪ, ಹಾಗಾಗಿ ಎಲ್ಲವೂ ಬೇಗ ಆರಿಹೋಗುತ್ತವೆ. ಬೀಟ್‌ರೂಟಿನ ಕೆಂಪು ನೀರು ಮೆಲ್ಲನೆ ಹರಿದು ಕಿಕ್ ಅಲಿಚಾದ ಹಳದಿಗೆ ಸೇರುತ್ತದೆ. ಸೊಪ್ಪಿನ ಬೆಳ್ಳುಳ್ಳಿ ಎಲೆಕೋಸಿಗೆ ಹತ್ತುತ್ತದೆ. ಅರ್ಧ ಊಟದ ಹೊತ್ತಿಗೆ ಯಾವುದರ ರುಚಿ ಯಾವುದೆಂದು ಹೊಸಬರಿಗೆ ತಿಳಿಯುವುದಿಲ್ಲ. ಉಪವಾಸವಲ್ಲದ ದಿನ ಒಂದು ಹೋಟೆಲಿನಲ್ಲಿ ಬೇಳೆ ಅರೆಬೆಂದಿತ್ತು. 2,300 ಮೀಟರಿಗೂ ಮೇಲಿರುವ ಊರು ಅದು, ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಬೇಗ ಬೇಯುವುದಿಲ್ಲ. ಅಕ್ಕ ಕುಕ್ಕರ್ ಇಲ್ಲದೆ ತೊಗರಿಬೇಳೆ ಇಡುವುದೇ ಇಲ್ಲ. ಬುಧವಾರವೋ ಶುಕ್ರವಾರವೋ ಜನ ಕಿಕ್ಕಿರಿದ ಹೋಟೆಲಿಗೆ ಹೋದರೆ ಈ ದೂರು ಅಷ್ಟಾಗಿ ಇರುವುದಿಲ್ಲ. ಬೆಯಾಯ್ನೆತುವಿನಲ್ಲಿ ನನಗೆ ನಿಜಕ್ಕೂ ಇಷ್ಟವಾದದ್ದು ಕೊನೆಯಲ್ಲಿ ತಳದಲ್ಲಿ ಉಳಿಯುವ, ಎಲ್ಲದರ ರಸ ಕುಡಿದು ಮೆತ್ತಗಾದ ಇಂಜೆರಾ. ಅದಕ್ಕಾಗಿ ಜಗಳವಾಡುವವರನ್ನು ಕಂಡಿದ್ದೇನೆ.

ತಟ್ಟೆ ಒಂದೇ, ಕೈಗಳು ನಾಲ್ಕೈದು. ಎಂಜಲು, ಮುಸುರೆ ಎಂದು ಕೇಳುತ್ತ ಬೆಳೆದವರಿಗೆ ಇದು ಇಂಜೆರಾದ ಹುಳಿಗಿಂತ ದೊಡ್ಡ ಪರೀಕ್ಷೆ. ಅಕ್ಕ ಮೊದಮೊದಲು ಪ್ರತ್ಯೇಕ ತಟ್ಟೆ ಕೇಳುತ್ತಿದ್ದಳಂತೆ. ಯಾರೂ ಏನೂ ಅನ್ನದೆ ತಂದುಕೊಡುತ್ತಿದ್ದರು, ಆದರೆ ಮೇಜಿನ ಮಾತುಕತೆ ಅವಳನ್ನು ಬಿಟ್ಟು ನಡೆಯುತ್ತಿತ್ತು. ಅವರಿಗೂ ಒಂದು ಲೆಕ್ಕವಿದೆ: ತನ್ನೆದುರಿನ ಭಾಗದಿಂದ ಮಾತ್ರ ತಿನ್ನಬೇಕು, ತಟ್ಟೆಯ ಆಚೆ ಬದಿಗೆ ಕೈ ಚಾಚುವಂತಿಲ್ಲ. ಅದನ್ನು ಗಮನಿಸಿದ ಮೇಲೆ ನನ್ನ ಅಳುಕು ಅರ್ಧ ಇಳಿಯಿತು.

ತೆಗಬಿನೊದಲ್ಲಿ ಇಷ್ಟೆಲ್ಲ ಗೋಜಿಲ್ಲ. ಕಡಲೆ, ಬಟಾಣಿಯಂಥ ಕಾಳುಗಳನ್ನು ಹುರಿದು, ಮಸಾಲೆ ಸೇರಿಸಿ ಬೀಸಿಟ್ಟುಕೊಂಡ ಹಿಟ್ಟೇ ಶಿರೋ. ಅದನ್ನು ಈರುಳ್ಳಿ, ಬೆಳ್ಳುಳ್ಳಿಯ ಒಗ್ಗರಣೆಗೆ ಹಾಕಿ ಗಟ್ಟಿಯಾಗಿ ಕುದಿಸಿ, ಅಂಗೈಯಗಲದ ಕರಿ ಮಣ್ಣಿನ ಕುಡಿಕೆಯಲ್ಲಿ ತಂದಿಡುತ್ತಾರೆ. ಮೇಜಿಗೆ ಬಂದ ಮೇಲೂ ಕೊತಕೊತ ಕುದಿಯುತ್ತಿರುತ್ತದೆ. ಗುಳ್ಳೆ ಒಡೆದಾಗಲೆಲ್ಲ ಅಂಚಿಗೆ ಕೆಂಪು ಎಣ್ಣೆಯ ಹನಿ ಸಿಡಿಯುತ್ತದೆ. ಜುಣಕ ತಿಂದು ಬೆಳೆದವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಂಜೆರಾ ಸುರುಳಿ ಸುತ್ತಿ ಬೇರೆಯಾಗಿ ಬರುತ್ತದೆ, ಒದ್ದೆಯಾಗುವುದಿಲ್ಲ. ಜೊತೆಗೆ ಈರುಳ್ಳಿ ತುಂಬಿದ ಹಸಿಮೆಣಸಿನಕಾಯಿ ಕೊಟ್ಟರೆ ಬಿಡಬೇಡಿ. ಒಂದೇ ಪದಾರ್ಥ, ಒಂದೇ ರುಚಿ, ಬಿಸಿ ಬಿಸಿ: ಇಂಜೆರಾದ ಹುಳಿಯೂ ಬೆರ್ಬೆರೆ ಎಂಬ ಕೆಂಪು ಮೆಣಸಿನ ಮಸಾಲೆಪುಡಿಯ ಖಾರವೂ ಹೇಗೆ ಹೊಂದುತ್ತವೆ ಎಂಬುದು ಇಲ್ಲಿ ತಿಳಿದಷ್ಟು ಸ್ಪಷ್ಟವಾಗಿ ಬೇರೆಲ್ಲೂ ತಿಳಿಯುವುದಿಲ್ಲ. ನಾನು ತಿಂದ ಕಡೆ ಬೆಲೆಯೂ ಕಡಿಮೆಯೇ ಇತ್ತು. ಉಪವಾಸವಲ್ಲದ ದಿನ ಇದಕ್ಕೆ ನಿತಿರ್ ಕಿಬೆ ಎಂಬ ಮಸಾಲೆ ತುಪ್ಪ ಬೀಳುತ್ತದೆ, ಆಗ ಘಮವೇ ಬೇರೆ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಬೊಜೆನಾ ಶಿರೋ ಎಂದರೆ ಮಾಂಸ ಹಾಕಿದ್ದು. ಹೆಸರನ್ನು ಬಾಯಿಪಾಠ ಮಾಡಿಕೊಂಡು ಹೋಗಿ.

ದೊರೊ ವೊಟ್ ಹಬ್ಬದ ಕೋಳಿಸಾರು. ದೀರ್ಘ ಉಪವಾಸ ಮುಗಿದ ಈಸ್ಟರ್ ದಿನ ಮನೆಮನೆಯಲ್ಲೂ ಇದೇ. ರಾಶಿ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಮೊದಲು ಎಣ್ಣೆಯಿಲ್ಲದೆಯೇ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕರಗಿಸಿ, ಬೆರ್ಬೆರೆ ಬೆರೆಸಿ, ಆಮೇಲೆ ಕೋಳಿ ಹಾಕುತ್ತಾರೆ. ಸಂಪ್ರದಾಯದಂತೆ ಕೋಳಿಯನ್ನು 12 ತುಂಡು ಮಾಡಬೇಕು. ಜೊತೆಗೆ ಬೇಯಿಸಿದ ಮೊಟ್ಟೆ. ಹೋಟೆಲಿನವರಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ನಾನು ಹೋಟೆಲಿನಲ್ಲಿ ತಿಂದದ್ದರಲ್ಲಿ ಈರುಳ್ಳಿ ಹಲ್ಲಿಗೆ ಸಿಗುತ್ತಿತ್ತು, ಖಾರ ಮೇಲೆ ಮೇಲೆ ತೇಲುತ್ತಿತ್ತು. ಭಾವನ ಸಹೋದ್ಯೋಗಿಯ ಮನೆಯಲ್ಲಿ ತಿಂದದ್ದು ಕಪ್ಪಿಗೆ ತಿರುಗಿದ ದಪ್ಪ ಗೊಜ್ಜು. ಈರುಳ್ಳಿ ಎಲ್ಲಿ ಹೋಯಿತೋ ಗೊತ್ತಿಲ್ಲ, ಖಾರ ನುಂಗಿದ ಮೇಲೆ ಗಂಟಲಿನಿಂದ ಮೇಲೇರಿ ಬಂತು. ಮನೆಯೊಡತಿ ದೊಡ್ಡ ತುತ್ತು ಮಾಡಿ ಬಾಯಿಗೇ ಇಟ್ಟರು. ಇದಕ್ಕೆ ಗುರ್ಶಾ ಎನ್ನುತ್ತಾರೆ, ಬೇಡವೆನ್ನುವಂತಿಲ್ಲ. “ಬಾಯಿ ದೊಡ್ಡದಾಗಿ ತೆಗೆ, ಅರ್ಧಕ್ಕೆ ಕಚ್ಚಬೇಡ” ಎಂದು ಅಕ್ಕ ಪಕ್ಕದಿಂದ ಪಿಸುಗುಟ್ಟಿದಳು. ಆ ಮನೆಯ ದೊರೊ ವೊಟ್ ಈ ಮೂರರಲ್ಲೇ ಮೇಲು. ಆದರೆ ಮೊದಲ ಸಲ ಹೋಗುವವರಿಗೆ ಅಂಥ ಮನೆ ಎಲ್ಲಿ ಸಿಗಬೇಕು?

ಹಸಿ ಮಾಂಸದ ಕಿತ್‌ಫೋವನ್ನು ಭಾವ ಚಪ್ಪರಿಸಿದರು, ನಾನು ಮುಟ್ಟಲಿಲ್ಲ. ಅದರ ಬಗ್ಗೆ ತೀರ್ಪು ಕೊಡುವುದಿಲ್ಲ.

ಪ್ರವಾಸಿಗರಿಗೆಂದೇ ಹಾಡು-ಕುಣಿತ ಇಟ್ಟಿರುವ ಹೋಟೆಲಿಗೂ ಹೋಗಿದ್ದೆವು. ಭುಜ ಕುಣಿಸುವ ಎಸ್ಕಿಸ್ತಾ ನೃತ್ಯ ಎಷ್ಟು ನೋಡಿದರೂ ಸಾಲದು. ಊಟ ಮಾತ್ರ ತಣ್ಣಗೆ, ಬಿಲ್ಲು ಬಿಸಿ. ಕುಣಿತ ಅಲ್ಲಿ ನೋಡಿ, ಊಟ ಬೀದಿಬದಿಯ ಸಣ್ಣ ಹೋಟೆಲಿನಲ್ಲಿ ಮಾಡಿ.

ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ ಇಥಿಯೋಪಿಯನ್ನರು ಬಹಳ, ಅವರ ಹೋಟೆಲುಗಳೂ ಬಹಳ. ಅಲ್ಲಿರುವ ಕನ್ನಡಿಗರು ಇದೇ ಊಟವನ್ನು ಊರಲ್ಲೇ ಮಾಡಬಹುದು. ಆದರೆ ಅಲ್ಲಿ ಟೆಫ್ ಜೊತೆ ಗೋಧಿ ಅಥವಾ ಬಾರ್ಲಿ ಹಿಟ್ಟು ಬೆರೆಸುವುದು ಸಾಮಾನ್ಯ. ಟೆಫ್‌ನಲ್ಲಿ ಗ್ಲುಟೆನ್ ಇಲ್ಲವೆಂದು ನಂಬಿ ಹೋಗುವವರು ಇಂಜೆರಾ ಪೂರ್ತಿ ಟೆಫ್‌ನದೇ ಎಂದು ಕೇಳಿಕೊಂಡೇ ಕೂರಬೇಕು. ಕೆಲವು ಕಡೆ ಅಂಥದ್ದನ್ನು ಹಿಂದಿನ ದಿನವೇ ಹೇಳಿ ಮಾಡಿಸಬೇಕಾಗುತ್ತದೆ.