ಚಿಕ್ಕಪ್ಪನಿಗೆ ಕಾರ್-ಟಿ ಮಾಡಿಸಿದೆವು: ಯಾವುದು ಚೆನ್ನಾಗಿತ್ತು, ಯಾವುದು ಇಲ್ಲ

ಆಸ್ಪತ್ರೆಯ ಹೆಸರು, ಇನ್ಶೂರೆನ್ಸ್ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಇದು ಕಾರ್-ಟಿ ಎಂಬ ಕ್ಯಾನ್ಸರ್ ಚಿಕಿತ್ಸೆಯ ರಿವ್ಯೂ. ಕಾರ್-ಟಿ ಅಂತ ಹುಡುಕಿದರೆ ಒಂದೋ ಡಾಕ್ಟರ ಭಾಷಣ ಸಿಗುತ್ತೆ, ಇಲ್ಲಾಂದ್ರೆ "ಕ್ಯಾನ್ಸರ್‌ಗೆ ರಾಮಬಾಣ" ಅನ್ನೋ ವಿಡಿಯೋ. ರೋಗಿ ಪಕ್ಕದ ಸ್ಟೂಲಿನಲ್ಲಿ ಕೂರುವವರಿಗೆ ಬೇಕಾದದ್ದು ಎರಡರಲ್ಲೂ ಇಲ್ಲ.

ಚಿಕ್ಕಪ್ಪ ತಿಪಟೂರಿನ ಕಡೆಯವರು, ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಅವರಿಗೆ ಬಂದದ್ದು ಲಿಂಫೋಮ, ಅಂದರೆ ಬಿ-ಸೆಲ್ ಎಂಬ ಬಿಳಿ ರಕ್ತಕಣದ ಕ್ಯಾನ್ಸರ್. ಮೊದಲ ಕೀಮೋಗೆ ಹೋಯಿತು, ಆಮೇಲೆ ತಿರುಗಿ ಬಂತು. ಎರಡನೇ ಬಗೆಯ ಕೀಮೋಗೆ ಬಗ್ಗಲಿಲ್ಲ. ಆಗ ಬೆಂಗಳೂರಿನ ಡಾಕ್ಟರು ಕಾರ್-ಟಿ ಮಾತೆತ್ತಿದರು.

ಕೆಲಸ ಹೀಗೆ ನಡೆಯುತ್ತೆ. ರೋಗಿಯ ರಕ್ತದಿಂದ ಟಿ-ಸೆಲ್‌ಗಳನ್ನು ತೆಗೆಯುತ್ತಾರೆ. ಇವು ನಮ್ಮ ಮೈ ಕಾಯುವ ಕಣಗಳು, ಆದರೆ ಕ್ಯಾನ್ಸರನ್ನು ಗುರುತು ಹಿಡಿಯದೆ ಸುಮ್ನೆ ಬಿಟ್ಟಿರುತ್ತವೆ. ಲ್ಯಾಬಿನಲ್ಲಿ, ರೋಗ ತರದಂತೆ ಮಾಡಿದ ಒಂದು ವೈರಸ್ ಮೂಲಕ ಅವುಗಳೊಳಗೆ ಹೊಸ ಜೀನ್ ಸೇರಿಸುತ್ತಾರೆ. ಆ ಜೀನ್‌ನಿಂದ ಕಣದ ಮೈಮೇಲೆ ಒಂದು ಹೊಸ ಕೊಕ್ಕೆ ಮೂಡುತ್ತೆ. ಬಿ-ಸೆಲ್‌ಗಳ ಮೇಲಿರುವ ಸಿಡಿ19 ಎಂಬ ಗುರುತನ್ನು ಅದು ಹಿಡಿಯುತ್ತೆ, ಹಿಡಿದ ಮೇಲೆ ಟಿ-ಸೆಲ್ ಆ ಕಣವನ್ನು ಕೊಲ್ಲುತ್ತೆ. ಹಾಗೆ ಬದಲಾದ ಕಣಗಳನ್ನು, ಅಂದರೆ ಕೋಶಗಳನ್ನು, ಕೋಟಿಗಟ್ಟಲೆ ಬೆಳೆಸಿ ಅದೇ ರೋಗಿಗೆ ವಾಪಸ್ ಹಾಕುತ್ತಾರೆ. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗೋದಿಲ್ಲ. ಬೆಲೆ ಆಕಾಶದಲ್ಲಿರೋದಕ್ಕೆ ಇದೂ ಒಂದು ಕಾರಣ.

ಅಮೆರಿಕದಲ್ಲಿ 2017ರಲ್ಲಿ ಮೊದಲ ಕಾರ್-ಟಿ, ಕಿಮ್ರಿಯಾ, ಮಾರುಕಟ್ಟೆಗೆ ಬಂದಾಗ ಬೆಲೆ 4,75,000 ಡಾಲರ್. ಆಸ್ಪತ್ರೆ ಖರ್ಚು ಬೇರೆ. ನಮ್ಮಂಥವರು ಲೆಕ್ಕ ಹಾಕೋದೂ ದಂಡ ಅಲ್ವಾ. ಇಲ್ಲಿ ಬದಲಾವಣೆ ತಂದದ್ದು ಐಐಟಿ ಬಾಂಬೆ ಮತ್ತು ಮುಂಬೈನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನವರು. ಐಐಟಿಯ ರಾಹುಲ್ ಪುರ್ವಾರ್ ತಂಡ ಕಟ್ಟಿದ ನೆಕ್ಸ್‌ಕಾರ್19 ಎಂಬ ಕಾರ್-ಟಿಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು, 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಬಿಡುಗಡೆ ಮಾಡಿದರು. ವಿದೇಶದ ಬೆಲೆಯ ಹತ್ತರಲ್ಲಿ ಒಂದು ಪಾಲು ಎಂದು ಆಗ ಎಲ್ಲ ಪೇಪರಿನಲ್ಲೂ ಬಂತು. ಬೆಂಗಳೂರಿನ ಇಮ್ಯುನೀಲ್ ಕಂಪನಿ ಬಾರ್ಸಿಲೋನಾದ ಆಸ್ಪತ್ರೆಯೊಂದರ ತಂತ್ರಜ್ಞಾನ ತಂದು, 2025ರ ಜನವರಿಯಲ್ಲಿ ಕಾರ್ಟೆಮಿ ಎಂಬುದನ್ನು ಹೊರತಂದಿತು. ಅಂದರೆ ಈಗ ಮುಂಬೈ, ಬೆಂಗಳೂರು ಎರಡೂ ಕಡೆಯ ಮಾಲು ಇದೆ. ಇದಕ್ಕಂತೂ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ.

ಹತ್ತರಲ್ಲಿ ಒಂದು ಪಾಲಾದರೂ ಅದು ಲಕ್ಷಗಳಲ್ಲೇ ಇದೆ, ಮರೆಯಬೇಡಿ. ನಮಗೆ ಎಲ್ಲ ಸೇರಿ ಅರ್ಧ ಕೋಟಿಯ ಹತ್ತಿರ ಹೋಯಿತು. ತೋಟದ ಒಂದು ಭಾಗ ಹೋಯಿತು ಅಂದರೆ ತಿಪಟೂರಿನವರಿಗೆ ಅರ್ಥವಾಗುತ್ತೆ. ಮೊದಲು ಕೊಟ್ಟ ಎಸ್ಟಿಮೇಟ್‌ನಲ್ಲಿ ಜೀವಕೋಶದ ಬೆಲೆ, ವಾರ್ಡಿನ ಬಾಡಿಗೆ ಇಷ್ಟೇ ಇತ್ತು. ಕೋಶ ತಯಾರಾಗುವ ತನಕ ರೋಗ ಜಾಸ್ತಿ ಆಗದಂತೆ ಕೊಡುವ ಕೀಮೋ, ಐಸಿಯು, ಆಮೇಲೆ ಬೇಕಾಗುವ ದುಬಾರಿ ಇಂಜೆಕ್ಷನ್, ಊರಿಂದ ಬಂದವರು ಆಸ್ಪತ್ರೆ ಹತ್ತಿರ ಬಾಡಿಗೆ ರೂಮು ಹಿಡಿದು ಕೂರುವ ಖರ್ಚು, ಇವೆಲ್ಲ ಒಂದೊಂದಾಗಿ ಆಮೇಲೆ ಬಂದವು. ಇನ್ಶೂರೆನ್ಸ್‌ನವರಂತೂ ಮೊದಲ ದಿನವೇ ಆಗಲ್ಲ ಅಂತ ಕೈ ಆಡಿಸಿದರು. 2019ರಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 12 ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡಿ, ಪಾಲಿಸಿಯಿಂದ ಇವನ್ನು ಹೊರಗಿಡಬೇಡಿ ಎಂದಿತು. ಆ ಪಟ್ಟಿಯಲ್ಲಿ ಕಾರ್-ಟಿ ಹೆಸರಿಲ್ಲ, ಪಾಪ, ಆಗ ಇಲ್ಲಿ ಅದು ಇರಲೇ ಇಲ್ಲ. ನಮ್ಮ ಕಂಪನಿ ಅದನ್ನೇ ಹಿಡಿದುಕೊಂಡು ಕೂತಿತು. ಬರೆದು ಬರೆದು, ಕೊನೆಗೆ ವಾರ್ಡಿನ ಬಿಲ್ಲಿಗೆ ಅಷ್ಟಿಷ್ಟು ಬಂತು. ಕೋಶದ ಬೆಲೆಗೆ ಒಂದು ಪೈಸೆ ಇಲ್ಲ. ಈ ಭಾಗಕ್ಕೆ ಐದಕ್ಕೆ ಸೊನ್ನೆ.

ಕೋಶ ತೆಗೆಯುವುದು ಏನೂ ಕಷ್ಟವಿಲ್ಲ. ಕೆಲವು ಗಂಟೆ ಮಿಷಿನ್ ಪಕ್ಕ ಮಲಗಬೇಕು, ರಕ್ತ ಒಂದು ಕಡೆಯಿಂದ ಹೋಗಿ ಬೇಕಾದ ಕಣ ಬಿಟ್ಟು ಇನ್ನೊಂದು ಕಡೆಯಿಂದ ವಾಪಸ್ ಬರುತ್ತೆ. ತುಟಿ ಜುಮ್ ಅಂದರೆ ತಕ್ಷಣ ಹೇಳಬೇಕು, ಕ್ಯಾಲ್ಸಿಯಂ ಕೊಡುತ್ತಾರೆ. ಕೋಶ ಬರುವ ತನಕದ ಕಾಯುವಿಕೆ ಇದೆಯಲ್ಲ, ಅದೇ ಹಿಂಸೆ. ಅಷ್ಟರಲ್ಲಿ ಗೆಡ್ಡೆ ಬೆಳೆದರೆ? ಇನ್ಫೆಕ್ಷನ್ ಆದರೆ? ಯಾರ ಹತ್ತಿರವೂ ಗ್ಯಾರಂಟಿ ಇಲ್ಲ. ಕೋಶ ಬಂದ ಮೇಲೆ ಕೆಲವು ದಿನ ಫ್ಲುಡರಾಬಿನ್, ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಕೊಟ್ಟು ಹಳೆಯ ಬಿಳಿ ಕಣಗಳನ್ನು ಕಡಿಮೆ ಮಾಡಿ, ಹೊಸಬರಿಗೆ ಜಾಗ ಮಾಡುತ್ತಾರೆ.

ಇನ್ನು ಆ ಮಹಾ ದಿನ. ಮಂಜುಗಟ್ಟಿದ ಒಂದು ಚೀಲ ತಂದರು, ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿದರು, ಡ್ರಿಪ್ ಹಾಕಿದರು. ಅರ್ಧ ಗಂಟೆಯೊಳಗೆ ಮುಗಿಯಿತು. ಕೋಶ ಕೆಡದಿರಲಿ ಎಂದು ಹಾಕುವ ರಾಸಾಯನಿಕದಿಂದ ರೂಮೆಲ್ಲ ಬೆಳ್ಳುಳ್ಳಿ ವಾಸನೆ. ಚಿಕ್ಕಪ್ಪ ಚೀಲ ನೋಡಿ, "ಇಷ್ಟೇನೇನೋ? ಒಂದು ಎಳನೀರಲ್ಲಿ ಇದಕ್ಕಿಂತ ಜಾಸ್ತಿ ನೀರಿರುತ್ತಲ್ಲೋ" ಅಂದರು. ಜನ ಆ ಚೀಲಕ್ಕೆ ದುಡ್ಡು ಕೊಡುತ್ತೇವೆ ಅಂದುಕೊಳ್ಳುತ್ತಾರೆ. ನನ್ನ ಕೇಳಿದರೆ, ಕೊಟ್ಟ ದುಡ್ಡಿನ ಅಸಲಿ ಬೆಲೆ ತಿಳಿಯೋದು ಆಮೇಲಿನ ವಾರಗಳಲ್ಲಿ, ರಾತ್ರಿ ಎರಡು ಗಂಟೆಗೆ ಯಾರು ಎದ್ದಿದ್ದಾರೆ ಅನ್ನೋದರಲ್ಲಿ.

ಯಾಕೆಂದರೆ ಕೋಶಗಳು ಕೆಲಸ ಶುರು ಮಾಡಿದಾಗ ಮೈಯೆಲ್ಲ ಕೆರಳುತ್ತೆ. ಜ್ವರ ಬರುತ್ತೆ, ಬಿಪಿ ಇಳಿಯುತ್ತೆ, ಕೆಲವರಿಗೆ ಆಕ್ಸಿಜನ್ ಬೇಕಾಗುತ್ತೆ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಈ ಚಿಕಿತ್ಸೆ ಪಡೆದ ಮೊದಲ ಮಗು ಎಮಿಲಿ ವೈಟ್‌ಹೆಡ್ ಇದರಲ್ಲೇ ಸಾಯುವ ಹಂತಕ್ಕೆ ಹೋಗಿದ್ದಳು. ಚಿಕಿತ್ಸೆ ರೂಪಿಸಿದ ಕಾರ್ಲ್ ಜೂನ್ ಅವರ ಮಗಳಿಗೆ ಕೀಲುವಾತ ಇತ್ತು, ಹಾಗಾಗಿ ಟೋಸಿಲಿಜುಮಾಬ್ ಎಂಬ ಕೀಲುವಾತದ ಔಷಧ ಅವರಿಗೆ ಗೊತ್ತಿತ್ತು. ಅದನ್ನು ಕೊಟ್ಟ ಮೇಲೆ ಎಮಿಲಿ ಉಳಿದಳು. ಈಗ ಎಲ್ಲ ಕಡೆ ಅದೇ ಔಷಧ. ಚಿಕ್ಕಪ್ಪನಿಗೂ ಜ್ವರ ಏರಿದ ರಾತ್ರಿ ಅದನ್ನೇ ಕೊಟ್ಟರು. ಡ್ಯೂಟಿ ನರ್ಸ್ ಒಬ್ಬರು, ಕೇರಳದ ಹುಡುಗಿ, ಬಿಪಿ ಇಳಿಯುತ್ತಿರೋದನ್ನು ಮೊದಲೇ ಗಮನಿಸಿ ಡಾಕ್ಟರನ್ನು ಎಬ್ಬಿಸಿದರು. ಆ ವಾರ್ಡಿನ ರಾತ್ರಿ ಪಾಳಿಗೆ ಐದಕ್ಕೆ ಐದು, ಇನ್ನೂ ಕೊಡಬಹುದಿತ್ತು.

ಎರಡನೇ ಅಪಾಯ ಮಿದುಳಿಗೆ. ಮಾತು ತಡವರಿಸುತ್ತೆ, ಮಂಪರು ಕವಿಯುತ್ತೆ, ಫಿಟ್ಸ್ ಬರಬಹುದು. ಇದನ್ನು ಬೇಗ ಹಿಡಿಯಲು ದಿನಾ ಒಂದು ಪುಟ್ಟ ಪರೀಕ್ಷೆ ಮಾಡುತ್ತಾರೆ: ಇದು ಯಾವ ವರ್ಷ, ಯಾವ ಊರು, ಈ ವಸ್ತುವಿನ ಹೆಸರೇನು, ನೂರರಿಂದ ಹತ್ತತ್ತು ಕಳೆಯುತ್ತಾ ಬನ್ನಿ, ಒಂದು ವಾಕ್ಯ ಬರೆಯಿರಿ. ನನಗೆ ಸಿಟ್ಟು ಬಂದದ್ದು ಇಲ್ಲಿ. ಒಂದು ದಿನ ಬಂದ ಜೂನಿಯರ್ ಡಾಕ್ಟರು ಎಲ್ಲವನ್ನೂ ಹಿಂದಿಯಲ್ಲಿ ಕೇಳಿದರು. ಚಿಕ್ಕಪ್ಪ ಸುಮ್ಮನೆ ಮುಖ ನೋಡಿದರು. ಆ ಡಾಕ್ಟರು ಹಾಳೆಯ ಮೇಲೆ ಮಾರ್ಕ್ಸ್ ಕಡಿಮೆ ಮಾಡಿಕೊಂಡು, ಸ್ಟೀರಾಯ್ಡ್ ಶುರು ಮಾಡೋಣವೇ ಅಂತ ಸೀನಿಯರ್‌ಗೆ ಫೋನ್ ಮಾಡೋಕೆ ಹೊರಟರು! ನಾನು ಕನ್ನಡದಲ್ಲಿ ಕೇಳಿದೆ, ಮೇಷ್ಟ್ರು ನೂರರಿಂದ ಸೊನ್ನೆಯವರೆಗೆ ಸರಾಗವಾಗಿ ಇಳಿದರು. ಪೆನ್ನು ಕೊಟ್ಟರೆ "ಇವತ್ತು ಕೊಬ್ಬರಿ ರೇಟು ಎಷ್ಟಾಯಿತು?" ಅಂತ ಬರೆದರು. ಪ್ರಶ್ನೆ ರೋಗಿಯ ಭಾಷೆಯಲ್ಲಿ ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ, ಲಕ್ಷಗಟ್ಟಲೆ ತಗೊಳ್ಳುವ ಕಡೆ ಕನ್ನಡ ಬರುವ ಒಬ್ಬರನ್ನು ಆ ಹೊತ್ತಿಗೆ ಕರೆಯೋದು ಅಷ್ಟು ದೊಡ್ಡ ಕೆಲಸವೇ? ಸೀನಿಯರ್ ಡಾಕ್ಟರಿಗೆ ಹೇಳಿದ ಮೇಲೆ ಸರಿ ಮಾಡಿದರು. ಆಮೇಲೆ ನಿಜವಾಗಿಯೂ ಒಂದು ಬೆಳಿಗ್ಗೆ ಅಕ್ಷರ ಸೊಟ್ಟಗಾದವು, "ಕೊಬ್ಬರಿ"ಯಲ್ಲಿ ಒತ್ತು ತಪ್ಪಿತು. ಆ ದಿನವೇ ಸ್ಟೀರಾಯ್ಡ್ ಕೊಟ್ಟರು, ಕೆಲವು ದಿನದಲ್ಲಿ ಕೈಬರಹ ಹಳೆಯ ರೂಪಕ್ಕೆ ಬಂತು.

ಫಲಿತಾಂಶ? ಪೆಟ್ ಸ್ಕ್ಯಾನ್‌ನಲ್ಲಿ ಈಗ ರೋಗ ಕಾಣುತ್ತಿಲ್ಲ. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ನೆಕ್ಸ್‌ಕಾರ್19 ವರದಿಯಲ್ಲಿ, ಲೆಕ್ಕಕ್ಕೆ ತೆಗೆದುಕೊಂಡ 51 ಜನರಲ್ಲಿ ಶೇ 73ರಷ್ಟು ಮಂದಿಗೆ ರೋಗ ಕುಗ್ಗಿತು ಅಥವಾ ಮಾಯವಾಯಿತು. ಉಳಿದವರಿಗೆ ಇಲ್ಲ, ಕುಗ್ಗಿದವರಲ್ಲೂ ಕೆಲವರಿಗೆ ತಿರುಗಿ ಬರುತ್ತೆ. ಇನ್ನೊಂದು ವಿಷಯ, ಈ ಟಿ-ಸೆಲ್‌ಗಳು ಒಳ್ಳೆಯ ಬಿ-ಸೆಲ್, ಕೆಟ್ಟ ಬಿ-ಸೆಲ್ ಅಂತ ಭೇದ ಮಾಡಲ್ಲ, ಎರಡನ್ನೂ ತಿನ್ನುತ್ತವೆ. ಹಾಗಾಗಿ ಬಿ-ಸೆಲ್‌ನಿಂದ ಬರುವ, ರೋಗಾಣು ತಡೆಯುವ ಪ್ರತಿಕಾಯ ಕಡಿಮೆಯಾಗಿ ಇನ್ಫೆಕ್ಷನ್ ಭಯ ತಿಂಗಳುಗಟ್ಟಲೆ ಇರುತ್ತೆ, ಹೊರಗಿಂದ ಪ್ರತಿಕಾಯ ತುಂಬುವ ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್ ಬೇಕಾಗಬಹುದು. ಮದುವೆ, ಜಾತ್ರೆ ಎಲ್ಲ ಬಂದ್. ಚಿಕ್ಕಪ್ಪನಿಗೆ ಅದೇ ದೊಡ್ಡ ಬೇಜಾರು. ಈ ಚಿಕಿತ್ಸೆಯಿಂದಲೇ ಅಪರೂಪಕ್ಕೆ ಹೊಸ ಟಿ-ಸೆಲ್ ಕ್ಯಾನ್ಸರ್ ಬರಬಹುದು ಎಂದು 2024ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಸೇರಿಸಿದೆ. ನಮ್ಮ ಡಾಕ್ಟರು ಇದನ್ನು ಮುಚ್ಚಿಡದೆ ಹೇಳಿದರು, ಮೆಚ್ಚಬೇಕು.

ಜೀನ್ ತಿದ್ದುವ ತಂತ್ರ, ಕ್ರಿಸ್ಪರ್ ಗಿಸ್ಪರ್ ಅಂತ ಓದಿಕೊಂಡು ಬಂದವರಿಗೆ ಒಂದು ಮಾತು. ನಮ್ಮಲ್ಲಿ ಸಿಗುವ ನೆಕ್ಸ್‌ಕಾರ್19, ಕಾರ್ಟೆಮಿ ಎರಡೂ ಜೀನ್ ಸೇರಿಸುವ ಬಗೆ, ಇದ್ದ ಜೀನ್ ತಿದ್ದುವ ಬಗೆಯಲ್ಲ. ತಿದ್ದಿದ ಕೋಶ ನೋಡಬೇಕಾದರೆ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆ ಕಡೆ ಹೋಗಬೇಕು. ಅಲ್ಲಿ 2022ರಲ್ಲಿ 13 ವರ್ಷದ ಅಲಿಸಾ ಎಂಬ ಹುಡುಗಿಗೆ ಟಿ-ಸೆಲ್ ಲುಕೇಮಿಯಾ ಇತ್ತು. ಟಿ-ಸೆಲ್ಲಿಂದ ಟಿ-ಸೆಲ್ ಕೊಲ್ಲಿಸಬೇಕು, ಹಾಗೇ ಬಿಟ್ಟರೆ ಅವು ತಮ್ಮತಮ್ಮಲ್ಲೇ ಹೊಡೆದಾಡಿ ಸಾಯುತ್ತವೆ. ಅದಕ್ಕೆ ದಾನಿಯೊಬ್ಬರ ಕೋಶಗಳಲ್ಲಿ ಡಿಎನ್‌ಎಯ ಅಕ್ಷರಗಳನ್ನೇ ತಿದ್ದಿ ಕೆಲವು ಜೀನ್ ಕೆಲಸ ಮಾಡದಂತೆ ಮಾಡಿ, ಆಮೇಲೆ ಕೊಕ್ಕೆ ಸೇರಿಸಿದರು. ಹೀಗೆ ತಿದ್ದಿದ ದಾನಿಯ ಕೋಶ ಮೊದಲೇ ಮಾಡಿಟ್ಟುಕೊಳ್ಳಬಹುದು ಅನ್ನೋದು ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ನಾವು ಕಾದು ಕೂತ ಆ ವಾರಗಳು ಇಲ್ಲವಾಗುತ್ತವೆ, ಬೆಲೆಯೂ ಇಳಿಯಬಹುದು.

ಸದ್ಯಕ್ಕೆ, ಬಿ-ಸೆಲ್ ಲಿಂಫೋಮ ಅಥವಾ ಲುಕೇಮಿಯಾ ತಿರುಗಿ ಬಂದು, ರೋಗಿ ಇನ್ನೂ ಓಡಾಡುವಷ್ಟು ಗಟ್ಟಿ ಇದ್ದರೆ ತಡ ಮಾಡದೆ ಕೇಳಿ. ಶ್ವಾಸಕೋಶ, ಸ್ತನ, ಹೊಟ್ಟೆಯ ಗೆಡ್ಡೆಗೆ ಇದನ್ನು ಮಾಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ, ನೆಕ್ಸ್‌ಕಾರ್19, ಕಾರ್ಟೆಮಿ ಎರಡೂ ಅಂಥ ಗೆಡ್ಡೆಗೆ ಮಾಡಿದ್ದಲ್ಲ. ಯಾವ ಕಂಪನಿ ಕೋಶ ಅನ್ನೋದಕ್ಕಿಂತ ಮೊದಲು ಆಸ್ಪತ್ರೆಯವರನ್ನು ಕೇಳಬೇಕಾದ್ದು ಬೇರೆ: ಇಲ್ಲಿಯವರೆಗೆ ಎಷ್ಟು ಜನಕ್ಕೆ ಮಾಡಿದ್ದೀರಿ, ಟೋಸಿಲಿಜುಮಾಬ್ ನಿಮ್ಮದೇ ಫಾರ್ಮಸಿಯಲ್ಲಿ ಇದೆಯಾ ಅಥವಾ ಜ್ವರ ಬಂದ ಮೇಲೆ ತರಿಸುತ್ತೀರಾ, ಐಸಿಯು ಬೆಡ್ ಹಿಡಿದಿಟ್ಟಿರುತ್ತೀರಾ, ಕನ್ನಡದಲ್ಲಿ ಪರೀಕ್ಷೆ ಮಾಡುವವರು ಯಾರು, ಕೋಶ ಸರಿಯಾಗಿ ಬೆಳೆಯದಿದ್ದರೆ ದುಡ್ಡಿನ ಕಥೆ ಏನು. ಉತ್ತರಗಳನ್ನು ಎಸ್ಟಿಮೇಟ್ ಹಾಳೆಯ ಮೇಲೇ ಬರೆಸಿಕೊಳ್ಳಿ. ಡಾಕ್ಟರು ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ, ನಮ್ಮ ಡಾಕ್ಟರು ಏನೂ ಅಂದುಕೊಳ್ಳಲಿಲ್ಲ, ಬಿಲ್ಲಿಂಗ್ ಕೌಂಟರಿನವರು ಮಾತ್ರ ಸ್ವಲ್ಪ ಮುಖ ಗಂಟು ಹಾಕಿಕೊಂಡರು.