ತಂಡ ಕಟ್ಟುವ ನಾಲ್ಕು ಮೊದಲ ಸಂಚಿಕೆಗಳು, ಕೈಕೊಟ್ಟಿದ್ದು ನನಗೆ ಇಷ್ಟದ ತಂಡದ್ದೇ

ಸೂಪರ್‌ಹೀರೋ ತಂಡದ ಮೊದಲ ಸಂಚಿಕೆಯಿಂದ ನಾನು ಕೇಳೋದು ಒಂದೇ. ಈ ಜನ ಯಾಕೆ ಒಟ್ಟಿಗೆ ಇರಬೇಕು? ಕೊನೆಯ ಪುಟ ಮುಗಿಯುವ ಹೊತ್ತಿಗೆ ಅದು ಗೊತ್ತಾಗಬೇಕು. ವಿಲನ್ ಸಾಧಾರಣವಾಗಿದ್ದರೂ ನಡೆಯುತ್ತೆ, ಚಿತ್ರ ಹಳೇ ಕಾಲದ್ದಾದರೂ ನಡೆಯುತ್ತೆ. ಈ ಪ್ರಶ್ನೆ ಇಟ್ಟುಕೊಂಡು ನಾಲ್ಕು ಸಂಚಿಕೆಗಳನ್ನು ಅಕ್ಕಪಕ್ಕ ಓದಿದೆ. 1961ರ ‘ಫೆಂಟಾಸ್ಟಿಕ್ ಫೋರ್’, 1963ರ ‘ಅವೆಂಜರ್ಸ್’, 1975ರ ‘ಜೈಂಟ್-ಸೈಜ್ ಎಕ್ಸ್-ಮೆನ್’, ಆಮೇಲೆ 2011ರ ‘ಜಸ್ಟಿಸ್ ಲೀಗ್’. ಅಮೆರಿಕದ ಎರಡು ದೊಡ್ಡ ಕಾಮಿಕ್ಸ್ ಕಂಪನಿಗಳಲ್ಲಿ ಮೊದಲ ಮೂರು ಮಾರ್ವೆಲ್‌ನವು, ಕೊನೆಯದು ಡಿಸಿಯದು. ನಾನು ಡಿಸಿ ಕಡೆಯವನು. ಚಿಕ್ಕಂದಿನಿಂದ ಬ್ಯಾಟ್‌ಮ್ಯಾನ್ ಅಂದ್ರೆ ಪ್ರಾಣ. ಅದಕ್ಕೇ ಬೇಜಾರು ಜಾಸ್ತಿ.

ನಮ್ಮ ತುಮಕೂರಿನಲ್ಲಿ ಇಂಥ ಬಿಡಿ ಸಂಚಿಕೆಗಳನ್ನು ತಿಂಗಳು ತಿಂಗಳು ತರಿಸುವ ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಂಗಳೂರಿಗೆ ಹೋದಾಗ ಹಳೇ ಪುಸ್ತಕದ ಅಂಗಡಿಗಳನ್ನು ಜಾಲಾಡಬೇಕು, ಇಲ್ಲಾಂದ್ರೆ ಟ್ಯಾಬ್‌ನಲ್ಲಿ ಓದಬೇಕು. ಒಂದು ಸಂಚಿಕೆ ಸಿಕ್ಕಿತು ಅಂತ ಮುಂದಿನದೂ ಸಿಗುತ್ತೆ ಅನ್ನೋ ಹಾಗಿಲ್ಲ. ಹಾಗಾಗಿ ನಮ್ಮಂಥವರಿಗೆ ಒಂದು ಸಂಚಿಕೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ನನ್ನ ಓದು ಮಾತ್ರ ಸಾಲದು ಅಂತ ಕ್ಯಾತ್ಸಂದ್ರದಲ್ಲಿರುವ ಅಕ್ಕನ ಮಗನಿಗೂ ನಾಲ್ಕನ್ನೂ ಕೊಟ್ಟೆ. ಒಂಬತ್ತನೇ ಕ್ಲಾಸು. ಸಿನಿಮಾ ನೋಡಿದ್ದಾನೆ, ಕಾಮಿಕ್ಸ್ ಕೈಯಲ್ಲಿ ಹಿಡಿದಿದ್ದು ಕಡಿಮೆ.

ಜಸ್ಟಿಸ್ ಲೀಗ್‌ನಿಂದಲೇ ಶುರು ಮಾಡ್ತೀನಿ. ಆಗಸ್ಟ್ 31, 2011ರಂದು ಬಂದ ಸಂಚಿಕೆ ಇದು. ಡಿಸಿ ತನ್ನ ಸೂಪರ್‌ಹೀರೋ ಕಾಮಿಕ್ಸ್‌ಗಳನ್ನು ಮೊದಲ ನಂಬರಿನಿಂದ ಮತ್ತೆ ಶುರು ಮಾಡಿದಾಗ ಮುಂದೆ ನಿಲ್ಲಿಸಿದ್ದು ಇದನ್ನೇ. ಬರೆದವರು ಜೆಫ್ ಜಾನ್ಸ್, ಚಿತ್ರ ಜಿಮ್ ಲೀ. ಮುಖಪುಟದ ಮೇಲೆ ಏಳು ಜನ: ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್, ಗ್ರೀನ್ ಲ್ಯಾಂಟರ್ನ್, ಫ್ಲ್ಯಾಶ್, ಅಕ್ವಾಮ್ಯಾನ್, ಸೈಬೋರ್ಗ್. ಒಳಗೆ? ಬಹುಪಾಲು ಬ್ಯಾಟ್‌ಮ್ಯಾನ್ ಮತ್ತು ಗ್ರೀನ್ ಲ್ಯಾಂಟರ್ನ್, ಇಬ್ಬರೇ. ಬ್ಯಾಟ್‌ಮ್ಯಾನ್‌ನ ಊರು ಗಾಥಮ್‌ನ ಮಹಡಿಗಳ ಮೇಲೆ ಒಂದು ವಿಚಿತ್ರ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಅದು ಒಂದು ಪೆಟ್ಟಿಗೆ ಬಿಟ್ಟು ಸಿಡಿದು ಸಾಯುತ್ತದೆ. ಇವರು ಸೂಪರ್‌ಮ್ಯಾನ್‌ನನ್ನು ಹುಡುಕಿಕೊಂಡು ಮೆಟ್ರೊಪೊಲಿಸ್‌ಗೆ ಹೋಗುತ್ತಾರೆ. ಅವನು ಗ್ರೀನ್ ಲ್ಯಾಂಟರ್ನ್‌ನನ್ನು ಒಂದೇ ಏಟಿಗೆ ಎತ್ತಿ ಬಿಸಾಕುತ್ತಾನೆ. ಆಮೇಲೆ ಬ್ಯಾಟ್‌ಮ್ಯಾನ್‌ನ ಎದುರಿಗೆ ನಿಂತು ‘ನಿನ್ನ ಕೈಯಲ್ಲಿ ಏನಾಗುತ್ತೆ?’ ಅಂತ ಕೇಳುತ್ತಾನೆ. ಮುಗೀತು. ಊಟಕ್ಕೆ ಕರೆದು, ಎಲೆ ಹಾಕಿ, ಉಪ್ಪಿನಕಾಯಿ ಬಡಿಸಿ ‘ಅನ್ನ ಮುಂದಿನ ತಿಂಗಳು’ ಅಂದ ಹಾಗಾಯ್ತು.

ಅಕ್ಕನ ಮಗ ಟ್ಯಾಬ್ ವಾಪಸ್ ಕೊಟ್ಟು ಕೇಳಿದ್ದು ಒಂದೇ ಮಾತು: ‘ಮಾಮ, ಮಿಕ್ಕವರು ಎಲ್ಲಿ?’ ಫ್ಲ್ಯಾಶ್ ಬರುವುದು ಎರಡನೇ ಸಂಚಿಕೆಗೆ, ವಂಡರ್ ವುಮನ್ ಮೂರನೆಯದಕ್ಕೆ.

ಇದರಲ್ಲಿ ಚೆನ್ನಾಗಿರೋದು ಏನೂ ಇಲ್ಲ ಅಂತಲ್ಲ. ಜಿಮ್ ಲೀ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತಾ ಕೂರಬಹುದು. ಒಂದು ಜಾಗ ನನಗೆ ಬಹಳ ಇಷ್ಟ. ಬ್ಯಾಟ್‌ಮ್ಯಾನ್‌ಗೆ ಯಾವ ಶಕ್ತಿಯೂ ಇಲ್ಲ, ಬರೀ ಬ್ಯಾಟ್ ವೇಷ ಹಾಕಿದ ಮನುಷ್ಯ ಅಂತ ಗೊತ್ತಾಗಿ ಗ್ರೀನ್ ಲ್ಯಾಂಟರ್ನ್‌ಗೆ ನಂಬೋಕೆ ಆಗೋದಿಲ್ಲ. ಆ ಮಾತಿನ ನಡುವೆಯೇ ಬ್ಯಾಟ್‌ಮ್ಯಾನ್ ಅವನ ಬೆರಳಿಂದ, ಅವನಿಗೆ ಶಕ್ತಿ ಕೊಡುವ ಉಂಗುರವನ್ನೇ ಎಗರಿಸಿ ತಿರುಗಿಸಿ ನೋಡ್ತಾ ಇರುತ್ತಾನೆ. ಬ್ಯಾಟ್‌ಮ್ಯಾನ್ ಅಂದ್ರೆ ಯಾರು ಅನ್ನೋದು ಅಷ್ಟರಲ್ಲೇ ಗೊತ್ತಾಗುತ್ತೆ. ಆದರೆ ಅದು ಬ್ಯಾಟ್‌ಮ್ಯಾನ್ ಕಥೆ, ತಂಡದ ಕಥೆ ಅಲ್ಲ. ಇಬ್ಬರ ಜಗಳವೂ ಯಾರು ದೊಡ್ಡವರು ಅನ್ನೋದರ ಸುತ್ತಲೇ ಸುತ್ತುತ್ತದೆ.

ಜಗಳ ಅಂದ್ರೆ ‘ಫೆಂಟಾಸ್ಟಿಕ್ ಫೋರ್’ ನೋಡಬೇಕು. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಅವರ ಕೆಲಸ. ಆಕಾಶದಲ್ಲಿ ಹೊಗೆಯ ಅಕ್ಷರದಲ್ಲಿ ಕರೆ ಬರುತ್ತದೆ, ಕರೆದ ರೀಡ್ ಬಿಟ್ಟು ತಂಡದ ಮಿಕ್ಕ ಮೂವರೂ ಇದ್ದಲ್ಲಿಂದ ಎದ್ದು ಓಡುತ್ತಾರೆ. ಬೆನ್ ಬಟ್ಟೆ ಅಂಗಡಿಯಲ್ಲಿದ್ದಾನೆ. ಅವನ ಕಲ್ಲಿನಂಥ ಮೈಗೆ ಹಿಡಿಸುವ ಅಂಗಿ ಅಲ್ಲಿಲ್ಲ, ಬಾಗಿಲಿಗೂ ಅವನು ಹಿಡಿಸೋದಿಲ್ಲ, ಒಡೆದುಕೊಂಡೇ ಹೊರಗೆ ಬರುತ್ತಾನೆ. ಆಮೇಲೆ ಹಿಂದಿನ ಕಥೆ ತೆರೆದುಕೊಳ್ಳುತ್ತದೆ. ಅಂತರಿಕ್ಷದ ಕಿರಣಗಳ ಅಪಾಯ ನೋಡದೆ ಹಾರಬಾರದು ಅಂತ ಬೆನ್ ಮೊದಲೇ ಹೇಳಿದ್ದ. ನಾಲ್ವರಲ್ಲಿ ಒಬ್ಬಳಾದ ಸೂ ಅವನನ್ನು ಹೇಡಿ ಅಂದಳು. ಆ ಮಾತಿಗೆ ರೋಷ ಬಂದು ರಾಕೆಟ್ ಹತ್ತಿದ. ಕೊನೆಗೆ ಎಲ್ಲರಿಗಿಂತ ಕೆಟ್ಟದ್ದು ಆಗಿದ್ದು ಅವನಿಗೇ. ಈ ತಪ್ಪು, ಈ ಋಣ ನಾಲ್ವರನ್ನೂ ಕಟ್ಟಿಹಾಕುತ್ತದೆ. ಹಾಗೆ ನೊಂದ ಬೆನ್ನೇ ಈ ಶಕ್ತಿಯಿಂದ ಜನಕ್ಕೆ ಸಹಾಯ ಮಾಡೋಣ ಅನ್ನುತ್ತಾನೆ, ಎಲ್ಲರೂ ಕೈ ಮೇಲೆ ಕೈ ಇಡುತ್ತಾರೆ. ಅಲ್ಲಿ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ. ಆಮೇಲೆ ಬರುವ ಮೋಲ್ ಮ್ಯಾನ್, ಅವನ ದ್ವೀಪದ ರಾಕ್ಷಸರು ಸುಮ್ನೆ ಬಂದು ಹೋಗುತ್ತಾರೆ. ಪರವಾಗಿಲ್ಲ, ತಂಡ ಆಗಲೇ ಆಗಿದೆ.

‘ಅವೆಂಜರ್ಸ್’ ಒಂದನೇ ಸಂಚಿಕೆಯೂ ಅವರಿಬ್ಬರದೇ. ಅಷ್ಟು ಆಳ ಇಲ್ಲ, ಆಕಸ್ಮಿಕಗಳು ಜಾಸ್ತಿ. ವಿಲನ್ ಲೋಕಿ ಹಲ್ಕ್ ತಲೆಗೆ ರೈಲು ಉರುಳಿಸಲು ನೋಡಿದ ಅಪವಾದ ಕಟ್ಟುತ್ತಾನೆ. ಹಲ್ಕ್‌ನ ಗೆಳೆಯ ರಿಕ್ ಜೋನ್ಸ್ ರೇಡಿಯೋದಲ್ಲಿ ಫೆಂಟಾಸ್ಟಿಕ್ ಫೋರ್‌ನವರನ್ನು ಕರೆಯುತ್ತಾನೆ. ಲೋಕಿ ಆ ಕರೆಯನ್ನು ಥಾರ್ ಕಡೆಗೆ ತಿರುಗಿಸುತ್ತಾನೆ. ಅದು ಐರನ್ ಮ್ಯಾನ್, ಆಂಟ್-ಮ್ಯಾನ್, ವಾಸ್ಪ್ ಕಿವಿಗೂ ಬೀಳುತ್ತದೆ. ವಾಸ್ಪ್‌ಗೆ ಗಂಡಸರನ್ನು ಹೊಗಳೋದು ಬಿಟ್ಟು ಬೇರೆ ಕೆಲಸವೇ ಕೊಟ್ಟಿಲ್ಲ ಅನ್ನೋ ಹಾಗಿದೆ, ಇವತ್ತು ಓದುವಾಗ ಕಿರಿಕಿರಿಯಾಗುತ್ತದೆ. ಆದರೂ ತಂಡಕ್ಕೆ ಹೆಸರಿಡುವವಳು ಅವಳೇ. ಹಲ್ಕ್ ಮುಖಕ್ಕೆ ಕೋಡಂಗಿ ಬಣ್ಣ ಬಳಿದುಕೊಂಡು ಸರ್ಕಸ್‌ನಲ್ಲಿ ರೋಬೋಟ್ ಥರ ನಟಿಸುವ ಪುಟಗಳಿಗೆ ಅಕ್ಕನ ಮಗ ಬಿದ್ದು ಬಿದ್ದು ನಕ್ಕ. ಐವರೂ ಒಂದೇ ಸಂಚಿಕೆಯಲ್ಲಿ ಬಂದು, ಹೊಡೆದಾಡಿ, ತಂಡ ಕಟ್ಟಿಯೇ ಮನೆಗೆ ಹೋಗುತ್ತಾರೆ. ಕೊಟ್ಟ ಮಾತು ಉಳಿಸಿಕೊಂಡ ಸಂಚಿಕೆ.

ನನ್ನ ಮಟ್ಟಿಗೆ ಗೆದ್ದಿದ್ದು 1975ರ ‘ಎಕ್ಸ್-ಮೆನ್’. ಲೆನ್ ವೀನ್ ಬರೆದಿದ್ದು, ಡೇವ್ ಕಾಕ್ರಮ್ ಚಿತ್ರ. ಇದು ಹಳೇ ತಂಡಕ್ಕೆ ಹೊಸ ಜನ ಸೇರುವ ಕಥೆ. ಪುಟಗಳೂ ಜಾಸ್ತಿ, ಅದರ ಅನುಕೂಲ ಇದಕ್ಕಿದೆ. ಆದರೆ ಒಬ್ಬೊಬ್ಬರಿಗೆ ಸಿಗುವ ಜಾಗ ಎಷ್ಟು ಅಂತ ನೋಡಿ. ಜರ್ಮನಿಯಲ್ಲಿ ಪಂಜು ಹಿಡಿದ ಜನ ನೈಟ್‌ಕ್ರಾಲರ್‌ನನ್ನು ಕೊಲ್ಲಲು ಅಟ್ಟಿಸಿಕೊಂಡು ಬರುತ್ತಾರೆ. ಕೆನ್ಯಾದಲ್ಲಿ ಮಳೆ ತರಿಸುವ ಸ್ಟಾರ್ಮ್‌ಗೆ ಜನ ಕೈಮುಗಿಯುತ್ತಾರೆ. ಸೈಬೀರಿಯಾದ ಹೊಲದಲ್ಲಿ ಕೊಲಾಸಸ್ ತಂಗಿಯನ್ನು ಉಳಿಸಲು ಓಡುತ್ತಿರುವ ಟ್ರ್ಯಾಕ್ಟರ್‌ಗೆ ಅಡ್ಡ ನಿಲ್ಲುತ್ತಾನೆ. ಒಂದೆರಡು ಪುಟಗಳಲ್ಲೇ ಇವರಿಗೆ ಊರು ಬಿಟ್ಟು ಹೋಗಲು ಕಾರಣ ಸಿಗುತ್ತದೆ. ಇವರು ಹೊರಡುವುದು ಕ್ರಕೋವಾ ಎಂಬ ದ್ವೀಪಕ್ಕೆ. ಆ ದ್ವೀಪವೇ ಜೀವ ಇರುವ ಶತ್ರು.

‘ಜಸ್ಟಿಸ್ ಲೀಗ್ ಆರು ಸಂಚಿಕೆಗಳ ಕಥೆ, ಒಂದನ್ನೇ ಹಿಡಿದು ಬೈಯೋದು ಸರಿಯಲ್ಲ’ ಅಂತ ಗೆಳೆಯರು ವಾದ ಮಾಡುತ್ತಾರೆ. ಆರನ್ನೂ ಒಟ್ಟಿಗೆ ಓದಿದ್ದೀನಿ. ವಿಲನ್ ಡಾರ್ಕ್‌ಸೈಡ್ ಬಂದ ಮೇಲೆ ಓಟ ಚೆನ್ನಾಗಿದೆ, ಒಪ್ತೀನಿ. ಆದರೆ ಅದನ್ನು ಮಾರಿದ್ದು ಬಿಡಿ ಸಂಚಿಕೆಯಾಗಿ, 3.99 ಡಾಲರ್‌ಗೆ. ಹೊಸ ಓದುಗರು ಇಲ್ಲಿಂದಲೇ ಶುರು ಮಾಡಲಿ ಅಂತ. ಆ ಹೊಸ ಓದುಗನಿಗೆ ತಂಡ ತೋರಿಸಲೇಬೇಕಿತ್ತು, ಅಲ್ವಾ?

ನನಗೆ ಹೆಚ್ಚು ಹೊಟ್ಟೆ ಉರಿಸೋದು ಬೇರೆ ವಿಷಯ. ಇದೇ ಸಂಚಿಕೆಯ ನಡುವೆ ವಿಕ್ಟರ್ ಸ್ಟೋನ್ ಎಂಬ ಹುಡುಗನ ಕೆಲವೇ ಪುಟಗಳಿವೆ. ಮುಂದೆ ಸೈಬೋರ್ಗ್ ಆಗುವವನು ಇವನೇ. ಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ಅದ್ಭುತವಾಗಿ ಆಡುತ್ತಾನೆ, ಎಲ್ಲರೂ ಮೆಚ್ಚುತ್ತಾರೆ, ಅವನ ಅಪ್ಪ ಮಾತ್ರ ಬಂದಿಲ್ಲ. ಫೋನ್ ಮಾಡಿದರೂ ಅಪ್ಪನಿಗೆ ತನ್ನ ಕೆಲಸವೇ ಮುಖ್ಯ. ಇಡೀ ಸಂಚಿಕೆಯಲ್ಲಿ ಯಾರದ್ದಾದರೂ ಜೊತೆ ಬೇಕು ಅಂತ ಹಂಬಲಿಸುವವನು ಇವನೊಬ್ಬನೇ. ತಂಡದ ಕಥೆ ಹುಟ್ಟಬೇಕಾಗಿದ್ದದ್ದು ಆ ಮೈದಾನದಲ್ಲಿ. ಅದನ್ನು ಮಹಡಿ ಮೇಲಿನ ಫೈಟಿಂಗ್ ನಡುವೆ ತುರುಕಿ ಮುಂದೆ ಓಡಿಬಿಟ್ಟರು.